ದೊಡ್ಡಮ್ಮನ ಳಕಾರ

ಹೊನ್ನಾಳಿಯ ನನ್ನ ಅಂಗಡಿಯ ಗೋಡೆಗೆ ಒಂದು ಸಿ.ಡಿ. ನೇತುಬಿದ್ದಿದೆ. ಗಾಳಿ ಬಂದಾಗ ತಿರುಗುತ್ತದೆ. ಬಿಸಿಲು ಬಿದ್ದಾಗ ಎದುರಿನ ಗೋಡೆಯ ಮೇಲೆ ಬಣ್ಣದ ಚುಕ್ಕೆಗಳನ್ನು ಓಡಿಸುತ್ತದೆ. ಲಗ್ನಪತ್ರಿಕೆ ಮಾಡಿಸಲು ಬಂದವರು ಅದನ್ನು ನೋಡಿ, "ಹಲ್ಲಿ ಬರದಂಗೆ ಕಟ್ಟೀರೇನ್ರಿ ಮೇಡಂ?" ಎಂದು ಕೇಳುತ್ತಾರೆ. ಹೌದೆಂದು ತಲೆಯಾಡಿಸುತ್ತೇನೆ. ನಿಜ ಹೇಳಲು ಹೊರಟರೆ ಅವರ ಬಸ್ಸು ತಪ್ಪುತ್ತದೆ. ನಿಮಗೆ ಬಸ್ಸಿನ ಅವಸರವಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ.

ದಾವಣಗೆರೆಗೆ ಕಂಪ್ಯೂಟರ್ ಕಲಿಯಲು ಓಡಾಡುತ್ತಿದ್ದ ಕಾಲದಲ್ಲಿ ಸಿಕ್ಕಿದ್ದು ಅದು. ಕಾಲೇಜೊಂದರ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತವರು ಬಂದವರಿಗೆಲ್ಲ ಸಿ.ಡಿ. ಹಂಚುತ್ತಿದ್ದರು. ಪುಕ್ಕಟೆ ಎಂದು ಕಿವಿಗೆ ಬಿದ್ದದ್ದೇ ತಡ, ಒಂದು ಇಸಿದುಕೊಂಡು ಮತ್ತೆ ಸಾಲಿನಲ್ಲಿ ನಿಂತೆ. ಮೇಜಿನ ಹಿಂದಿದ್ದ ಗಡ್ಡದ ಮೇಷ್ಟರು ಗುರುತು ಹಿಡಿದರು.

"ಯಾಕಮ್ಮ, ಒಯ್ದಿದ್ದನ್ನೇ ನಕಲು ಮಾಡ್ಕಬಹುದಲ್ಲ?"

"ನಕಲು ಮಾಡಿದ್ರೆ ಪೊಲೀಸ್ರು ಹಿಡಿಯಲ್ವಾ ಸರ್?"

"ಇದನ್ನ ಕೊಡೋದೇ ನಕಲು ಮಾಡಾಕೆ. ಒಳಗೆ ಬಿಚ್ಚಿ ನೋಡು. ಸರಿ ಇಲ್ಲದ್ದನ್ನ ತಿದ್ದು. ತಿದ್ದಿದ್ದನ್ನ ಇನ್ನೊಬ್ಬರಿಗೆ ಕೊಡು. ಅದಕ್ಕೇ ಇದನ್ನ ಸ್ವತಂತ್ರ ತಂತ್ರಾಂಶ ಅನ್ನೋದು."

ಹೆಸರು ಹೊಸದಾದರೂ ವಿಷಯ ನನಗೆ ಹೊಸದಾಗಿರಲಿಲ್ಲ. ನಮ್ಮಮ್ಮ ಹೊಲಿಗೆ ಕಲಿತದ್ದೇ ಹಾಗೆ. ಚನ್ನಗಿರಿಯ ಅತ್ತೆ ಒಂದು ಸಲ ಹೊಸ ಮಾದರಿಯ ಕುಪ್ಪಸ ತೊಟ್ಟುಕೊಂಡು ಬಂದಿದ್ದರು. ಅತ್ತೆ ಸ್ನಾನಕ್ಕೆ ಹೋದದ್ದೇ ಅಮ್ಮ ಅದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹಳೇ ಪೇಪರಿನ ಮೇಲೆ ಹರಡಿ, ಸುತ್ತ ಗೆರೆ ಎಳೆದುಕೊಂಡರು. ಮತ್ತೆ ಹೊಲಿದು ಮುಗಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಇನ್ನೇನು ಜಗಳವೇ ಎಂದು ನಾವು ಮಕ್ಕಳು ಮೂಲೆ ಸೇರಿದೆವು. ಅತ್ತೆ ಕುಪ್ಪಸವನ್ನು ಒಳಮಗ್ಗುಲು ತಿರುವಿ ನೋಡಿ, "ಮೊದಲಿಗಿಂತ ಗಟ್ಟಿ ಹೊಲಿದೀಯಲ್ಲೇ!" ಎಂದರು.

ಅಂತರ್ಜಾಲದ ಪುಟಗಳದ್ದೂ ಇದೇ ಗುಣ. ಯಾವ ಪುಟವನ್ನಾದರೂ ತೆರೆದು 'ಮೂಲ ತೋರಿಸು' ಎಂದರೆ ತನ್ನ ಹೊಲಿಗೆಯನ್ನೆಲ್ಲ ನಾಚಿಕೆಯಿಲ್ಲದೆ ತೋರಿಸಿಬಿಡುತ್ತದೆ. ನಾನು ವೆಬ್‌ಸೈಟ್ ಮಾಡಲು ಕಲಿತದ್ದು ಹಾಗೆ ಕಂಡವರ ಹೊಲಿಗೆ ಬಿಚ್ಚಿ ಬಿಚ್ಚಿ.

ಆ ಕಾಲದ ನನ್ನ ಕೈಕೆಲಸಗಳನ್ನು ನೀವು ನೋಡಿಲ್ಲದಿರುವುದೇ ಒಳ್ಳೆಯದು. ಹೊನ್ನಾಳಿಯ ಒಂದು ಕಲ್ಯಾಣ ಮಂಟಪಕ್ಕೆ ಮಾಡಿಕೊಟ್ಟ ಪುಟದಲ್ಲಿ ಅಕ್ಷರಗಳು ಈ ಬದಿಯಿಂದ ಆ ಬದಿಗೆ ಓಡುತ್ತಿದ್ದವು, ಮೇಲಿನಿಂದ ಗುಲಾಬಿ ಉದುರುತ್ತಿತ್ತು, ತೆರೆದ ಕೂಡಲೇ ವಾಲಗ ಶುರುವಾಗುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ಇಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಪುಟಗಳನ್ನು ಇಡಲು ದೂರದ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಹಿಡಿಯಬೇಕು ಎಂದಾಗ ನ್ಯಾಮತಿಯ ಅಡಿಕೆ ವ್ಯಾಪಾರಿಯೊಬ್ಬರು, "ಬಾಡಿಗೆ ಯಾಕ್ರಿ ಮೇಡಂ? ನಮ್ ಗೋಡೌನ್ನಾಗೆ ಬೇಕಾದಷ್ಟು ಜಾಗ ಐತೆ, ತಂದು ಇಟ್ಬಿಡ್ರಿ" ಎಂದಿದ್ದರು. ತ್ಯಾವಣಿಗೆಯ ಗೊಬ್ಬರದಂಗಡಿಯ ಪುಟಕ್ಕೆ ಮೊದಲ ಅಭಿಪ್ರಾಯ ಬಂದದ್ದು ಯಾವುದೋ ಹೊರದೇಶದಿಂದ. ಅಂಗಡಿಯವರು ಅದನ್ನು ಪ್ರಿಂಟ್ ತೆಗೆಸಿ ಗಲ್ಲಾದ ಹಿಂದೆ ಅಂಟಿಸಿಕೊಂಡರು. ಅದು ತೂಕ ಇಳಿಸುವ ಮಾತ್ರೆಯ ಜಾಹೀರಾತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಚಾಳಿಯಿತ್ತು. ಆಗೆಲ್ಲ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಕನ್ನಡ ಇನ್ನೊಂದರಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ಅದಕ್ಕೆ ನಾನು ಕನ್ನಡದ ಬರಹವನ್ನೆಲ್ಲ ಚಿತ್ರ ಮಾಡಿ ಅಂಟಿಸುತ್ತಿದ್ದೆ. ಆ ತೊಂದರೆ ತೀರಿ ವರ್ಷಗಳಾದ ಮೇಲೂ ಕೈ ಮಾತ್ರ ಹಾಗೇ ಅಂಟಿಸುತ್ತಿತ್ತು. ಅಂದವಾಗಿ ಕಾಣುತ್ತದಲ್ಲ ಎಂದು ಸಮಾಧಾನ.

ಈಗ ಜಗಳೂರಿನ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ.

ಗಿರಿಜಮ್ಮ ನಮ್ಮಮ್ಮನ ಅಕ್ಕ. ಜಗಳೂರಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮಗಳು-ಅಳಿಯನ ಮನೆಯಲ್ಲೇ ಇದ್ದಾರೆ. ಊರಿಗೆಲ್ಲ ಅವರು ಟೀಚರ್. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಹೋದರೆ ನಮ್ಮನ್ನು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ಅಂಗಡಿ ಬೋರ್ಡುಗಳನ್ನು ಓದಿಸಿಕೊಂಡೇ ಕರೆದೊಯ್ಯುತ್ತಿದ್ದರು. ಬೋರ್ಡಿನಲ್ಲಿ ತಪ್ಪು ಕಂಡರೆ ಅಂಗಡಿಯವನನ್ನು ಹೊರಗೆ ಕರೆದು ತೋರಿಸುತ್ತಿದ್ದರು. ನನಗೆ ಆಗ ಳ ಬರುತ್ತಿರಲಿಲ್ಲ. ಹುಟ್ಟಿದೂರನ್ನೇ ಹೊನ್ನಾಲಿ ಎನ್ನುತ್ತಿದ್ದೆ. ದೊಡ್ಡಮ್ಮ ನನ್ನ ಬಾಯಿ ತೆರೆಸಿ, ಅಂಗುಳಕ್ಕೆ ಒಂದು ಚೂರು ಬೆಲ್ಲ ಒತ್ತಿ, "ನಾಲಿಗೆ ತುದಿ ಮಡಚಿ ಆ ಬೆಲ್ಲ ಮುಟ್ಟು, ಈಗ ಅನ್ನು" ಎಂದರು. ಬೆಲ್ಲ ಕರಗುವಷ್ಟರಲ್ಲಿ ಳ ಬಂದಿತ್ತು. ಬಂದದ್ದನ್ನು ಮುಚ್ಚಿಟ್ಟು ಇನ್ನೂ ನಾಲ್ಕಾರು ಚೂರು ಬೆಲ್ಲ ತಿಂದೆ ಎನ್ನುವುದು ಬೇರೆ ಮಾತು.

ನಾನು ಅಂಗಡಿ ಹಾಕಿದ ಮೇಲೆ ಅಚ್ಚು ಮಾಡಿದ ಪ್ರತಿ ಲಗ್ನಪತ್ರಿಕೆಯ ಒಂದು ಪ್ರತಿ ದೊಡ್ಡಮ್ಮನಿಗೆ ಹೋಗುತ್ತಿತ್ತು. ಪ್ರತಿಯೊಂದರಲ್ಲೂ ಅವರೊಂದು ತಪ್ಪು ಹುಡುಕುತ್ತಿದ್ದರು. ಒಂದು ದೀರ್ಘ, ಒಂದು ಒತ್ತು, ಏನೂ ಸಿಗದಿದ್ದರೆ ಒಂದು ಚುಕ್ಕಿ. ಕೆಲವು ವರ್ಷಗಳ ಹಿಂದೆ ಅವರ ಮೊಮ್ಮಗಳ ಮದುವೆಗೆ ಪತ್ರಿಕೆ ಮಾಡಿಕೊಂಡು ನಾನೇ ಜಗಳೂರಿಗೆ ಹೋದೆ. ದಾವಣಗೆರೆ ದಾಟುವಾಗ ಬಸ್ಸಿನಲ್ಲಿ ನೋಡಿಕೊಂಡರೆ 'ಆಶೀರ್ವಾದ'ದ ದೀರ್ಘವೇ ಬಿಟ್ಟುಹೋಗಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಪತ್ರಿಕೆಯನ್ನು ಅವರ ಕೈಗಿಟ್ಟೆ. ದೊಡ್ಡಮ್ಮ ಅದನ್ನು ಬೆರಳಿನಿಂದ ಸವರಿದರು. ಮುಖದ ಹತ್ತಿರ ಹಿಡಿದರು. ಆಮೇಲೆ ಮಡಚಿ ತೊಡೆಯ ಮೇಲಿಟ್ಟುಕೊಂಡು, "ಚೆನ್ನಾಗೈತೆ" ಎಂದರು.

ಜನ್ಮದಲ್ಲಿ ಅವರು ನನ್ನ ಪತ್ರಿಕೆಯನ್ನು ಹೊಗಳಿದವರಲ್ಲ.

"ದೊಡ್ಡಮ್ಮ, ಆ ಮೂರನೇ ಸಾಲು ಓದ್ರಿ ನೋಡಾನ."

ಅವರು ಓದಲಿಲ್ಲ. "ಮದುವಿ ಮುಗಿಯೋಗಂಟ ಯಾರಿಗೂ ಹೇಳಬ್ಯಾಡ" ಎಂದರು.

ನಾನು ಆ ಮಾತು ಕೇಳಲಿಲ್ಲ. ಅವತ್ತೇ ಅವರ ಮಗಳಿಗೆ ಹೇಳಿದೆ. ಮುಂದಿನ ವಾರವೇ ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಉಳಿದದ್ದೆಂದರೆ ಬೆಳಕು ನೆರಳು, ಎದುರಿಗೆ ಬಂದವರ ಆಕಾರ. ಅಕ್ಷರವಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಲೈಬ್ರರಿ ಪುಸ್ತಕ ಎರಡು ಮನ್ಯಾಗೆ ಅವೆ. ವಾಪಸ್ ಕೊಟ್ಬಿಡ್ರಿ."

ನನಗೆ ಸುಮ್ಮನಿರಲಾಗಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ವತಂತ್ರ ತಂತ್ರಾಂಶವೊಂದಿದೆ ಎಂದು ಎಲ್ಲೋ ಓದಿದ್ದೆ. ಅದು ಕನ್ನಡವನ್ನೂ ಓದುತ್ತದಂತೆ. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಅದನ್ನು ಹಾಕಿಕೊಂಡು, ಇನ್ನೇನು ಲೋಕವನ್ನೇ ಉದ್ಧಾರ ಮಾಡಿಬಿಡುತ್ತೇನೆ ಎನ್ನುವ ಠೀವಿಯಲ್ಲಿ ಜಗಳೂರಿಗೆ ಹೋದೆ. ಮನೆಯವರೆಲ್ಲ ಸುತ್ತ ಕೂತರು. ನನ್ನ ಹೆಮ್ಮೆಯ ಕಲ್ಯಾಣ ಮಂಟಪದ ಪುಟವನ್ನೇ ಮೊದಲು ತೆರೆದೆ. ಯಂತ್ರ ಓದಿತು:

"ಚಿತ್ರ. ಚಿತ್ರ. ಚಿತ್ರ. ಚಿತ್ರ."

"ಇದೇನೇ, ಬರೀ ಚಿತ್ರ ಬರ್ದೀಯ?" ಎಂದರು ದೊಡ್ಡಮ್ಮ.

ಬೆವರೊರೆಸಿಕೊಂಡು ದಿನಪತ್ರಿಕೆಯ ಪುಟಕ್ಕೆ ಹೋದೆ. ಅಲ್ಲಿ ನಿಜವಾದ ಅಕ್ಷರಗಳಿದ್ದವು. ತಗಡಿನ ಡಬ್ಬಿಯೊಳಗೆ ಕೂತು ಮಾತಾಡುವವರಂಥ ದನಿಯೊಂದು ಯಾವುದೋ ಸಭೆಯ ವರದಿ ಓದತೊಡಗಿತು. ದೊಡ್ಡಮ್ಮ ಮುಂದಕ್ಕೆ ಬಾಗಿ ಕಿವಿಗೊಟ್ಟರು. ದನಿ ಸ್ಪಷ್ಟವಾಗಿ, ನಿಧಾನವಾಗಿ, ಗಂಭೀರವಾಗಿ ಹೇಳಿತು: "ವೇದಿಕೆಯ ಮೇಲೆ ಅಧ್ಯಕ್ಷರು ಹೇಲಿದರು."

ಎಲ್ಲರೂ ಮನೆಯೇ ಬಿದ್ದುಹೋಗುವಂತೆ ನಕ್ಕರು. ಅಳಿಯ ಕಾಫಿ ಉಗುಳಿಕೊಂಡು ಹಿತ್ತಿಲಿಗೆ ಓಡಿದರು. ಯಂತ್ರ ಮಾತ್ರ ಎಗ್ಗಿಲ್ಲದೆ ಮುಂದುವರಿಯಿತು. ಕಾರ್ಯದರ್ಶಿಗಳೂ ಹೇಲಿದರು, ನೆರೆದಿದ್ದ ಗಣ್ಯರೂ ಒಬ್ಬೊಬ್ಬರಾಗಿ ಹೇಲಿದರು. ಅದಕ್ಕೆ ಳ ಬರುತ್ತಿರಲಿಲ್ಲ. ಜಗಳೂರು ಜಗಲೂರಾಗಿತ್ತು, ಹಳ್ಳಿಯೆಲ್ಲ ಹಲ್ಲಿಯಾಗಿತ್ತು.

ನಗದೆ ಕೂತಿದ್ದವರು ದೊಡ್ಡಮ್ಮ ಒಬ್ಬರೇ. "ನಿಲ್ಸು ಅದನ್ನ" ಎಂದರು. ನಿಲ್ಲಿಸಿದೆ. "ನಲವತ್ತು ಮಕ್ಕಳ ನಾಲಿಗೆ ತಿದ್ದಿ ಮನೀಗೆ ಬಂದ್ರೂ ದಣಿವಾಗ್ತಿರಲಿಲ್ಲ. ಇದನ್ನ ಕೇಳಾಕೆ ಆಗಲ್ಲ ನಂಗೆ. ತಗಂಡು ಹೋಗು." ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಆಮೇಲೆ ಅವರು ಮೆತ್ತಗಾದರು. ಬೆಳಿಗ್ಗೆ ಪೇಪರ್ ಬಂತೇ ಎಂದು ಕೇಳುವುದನ್ನು ಬಿಟ್ಟರು. ರೇಡಿಯೊ ಹಾಕಿದರೆ ಸಾಕು ಎನ್ನುತ್ತಿದ್ದರು. ಮಗಳು ಫೋನಿನಲ್ಲಿ, "ಹಗಲೊತ್ತೇ ಮಲಗ್ತಾಳೆ ಕಣೇ. ಮಾತೂ ಕಮ್ಮಿಯಾಗೇತೆ" ಎಂದಾಗ ನನಗೆ ಅಂಗಡಿಯಲ್ಲಿ ಕೂರಲಾಗುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಗಡ್ಡದ ಮೇಷ್ಟರ ಮಾತು ನೆನಪಾಯಿತು. ಸರಿ ಇಲ್ಲದ್ದನ್ನು ತಿದ್ದು ಎಂದಿದ್ದರಲ್ಲ? ಆ ತಂತ್ರಾಂಶದ ಒಳಗನ್ನು ಬಿಚ್ಚಿ ನೋಡಿದೆ. ಕನ್ನಡದ ಒಂದೊಂದು ಅಕ್ಷರಕ್ಕೂ ಯಾವ ದನಿ ಎಂದು ಯಾರೋ ಪಾಪ ಒಂದೊಂದಾಗಿ ಬರೆದಿಟ್ಟಿದ್ದರು. ಳ ಬಂದಾಗ ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ, ಲಕಾರದ ಮನೆಗೆ ಕಳಿಸಿಬಿಟ್ಟಿದ್ದರು. ಗುಲಾಬಿ ಉದುರಿಸುವ ನನ್ನ ವಿದ್ಯೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಆ ತಂತ್ರಾಂಶದವರು ದೂರು ಬರೆಯಲು ಇಟ್ಟಿರುವ ಪುಟಕ್ಕೆ ಹೋಗಿ ನನ್ನ ಮುರುಕು ಇಂಗ್ಲಿಷಿನಲ್ಲಿ ಕಷ್ಟ ತೋಡಿಕೊಂಡೆ.

ಮೊದಲ ಉತ್ತರ ಬಂದದ್ದು ಯಾವನೋ ಸಿಡುಕನದು. ದೂರು ಬರೆಯುವ ಕ್ರಮ ಮೊದಲು ಓದಿಕೊಂಡು ಬಾ ಎಂದಿದ್ದ. ಅಂತರ್ಜಾಲದಲ್ಲಿ ಇಂಥವರು ಊರ ಬಾಗಿಲಲ್ಲೇ ಕೂತಿರುತ್ತಾರೆ. ತಲೆ ತಗ್ಗಿಸಿಕೊಂಡು ಹೊರಟಿದ್ದೆ. ಅಷ್ಟರಲ್ಲಿ ಇನ್ನೊಂದು ಉತ್ತರ ಬಂತು. ಬರೆದಾಕೆಯ ಹೆಸರು ಇಲೋನಾ, ಸಮುದ್ರದಾಚೆಯ ಚಳಿ ದೇಶದವಳು. ಆ ದನಿಗಳನ್ನು ನೋಡಿಕೊಳ್ಳುವವಳು ಅವಳೇ ಅಂತೆ. ನನಗೆ ಕನ್ನಡ ಬರುವುದಿಲ್ಲ, ಆದರೆ ಕಲಿಯುವ ಮನಸ್ಸಿದೆ, ಈ ಅಕ್ಷರ ನುಡಿಯುವಾಗ ನಾಲಿಗೆ ಎಲ್ಲಿಗೆ ಹೋಗುತ್ತದೆ, ಯಾರಾದರೂ ಸರಿಯಾಗಿ ನುಡಿಯುವವರನ್ನು ಕೇಳಿ ಹೇಳುತ್ತೀಯಾ ಎಂದು ಬರೆದಿದ್ದಳು.

ಸರಿಯಾಗಿ ನುಡಿಯುವವರು ಯಾರೆಂದು ಯೋಚಿಸಬೇಕಾಗಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಹೋದೆ.

ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಹೊರಳಲಿಲ್ಲ, ಆದರೆ ಕೇಳಿದರು.

"ಆಕಿಗೆ ಕನ್ನಡ ಬರಲ್ಲ?"

"ಬರಲ್ಲ ದೊಡ್ಡಮ್ಮ."

"ಮತ್ತೆ ಆಕಿಗ್ಯಾಕೆ ನಮ್ ಳ?"

"ಗೊತ್ತಿಲ್ಲ."

"ಸಂಬಳ ಯಾರು ಕೊಡ್ತಾರೆ?"

"ಯಾರೂ ಇಲ್ಲ. ಬಿಡುವಾದಾಗ ಮಾಡ್ತಾಳಂತೆ."

ದೊಡ್ಡಮ್ಮ ಎದ್ದು ಕೂತರು. "ಕೇಳು ಆಕಿನ್ನ. ಯಾಕೆ ಮಾಡ್ತೀಯ ತಾಯಿ ಅಂತ ಕೇಳು."

ಕೇಳಿದೆ. ಸಂಜೆಯೊಳಗೆ ಉತ್ತರ ಬಂತು. ಇಲೋನಾಳ ಅಜ್ಜಿ ಬೆಟ್ಟದ ಕಡೆಯ ಸಣ್ಣದೊಂದು ಭಾಷೆ ಆಡುತ್ತಿದ್ದರಂತೆ. ಅದನ್ನು ಆಡುವವರು ಈಗ ಅವಳಿಗೆ ಗೊತ್ತಿದ್ದಂತೆ ಯಾರೂ ಇಲ್ಲ. ಹೇಗೆ ನುಡಿಯುವುದೆಂದು ಕೇಳಲು ಯಾರೂ ಉಳಿದಿಲ್ಲ. "ನಿಮ್ಮದರಲ್ಲಿ ಕೇಳಲು ಜನರಿದ್ದಾರೆ, ಅದಕ್ಕೆ ಕೇಳುತ್ತಿದ್ದೇನೆ" ಎಂದು ಬರೆದಿದ್ದಳು. ಅದನ್ನು ಕೇಳಿದ ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಮಗಳನ್ನು ಕೂಗಿದರು. "ಮುಖ ತೊಳಿಯಾಕೆ ನೀರು ಇಡೇ."

ಮರುದಿನ ಪಾಠ ಶುರುವಾಯಿತು. ಫ್ಯಾನ್ ಆರಿಸಿ, ಕುಕ್ಕರಿಗೆ ರಜೆ ಕೊಟ್ಟು, ಬೀದಿಯ ಸದ್ದು ಕಡಿಮೆಯಿದ್ದ ಹೊತ್ತು ನೋಡಿ ಫೋನಿನಲ್ಲಿ ಅವರ ದನಿ ಹಿಡಿದೆ. ಬಲೆ, ಬಳೆ. ಮೊಲ, ಮೊಳ. ಬೆಲೆ, ಬೆಳೆ. ಕೊಲೆ, ಕೊಳೆ. ದೊಡ್ಡಮ್ಮ ಒಂದೊಂದನ್ನೂ ಬಿಡಿಸಿ, ನಡುವೆ ಮಗುವಿಗೆ ಕಾಯುವಂತೆ ಕಾದು ಹೇಳಿದರು. ನಾಲಿಗೆಯ ಜಾಗ ತಿಳಿಸುವುದು ಹೇಗೆಂದು ನಾನು ತಡಕಾಡುತ್ತಿದ್ದರೆ, "ಬೆಲ್ಲದ ವಿಷಯ ಬರಿ" ಎಂದರು. ಬರೆದೆ. ಇಲೋನಾಳ ಊರಿನಲ್ಲಿ ಬೆಲ್ಲ ಇರಲಿಲ್ಲ. ಗಟ್ಟಿಯಾದ ಜೇನುತುಪ್ಪವನ್ನು ಅಂಗುಳಕ್ಕೆ ಹಚ್ಚಿಕೊಂಡು ಅಭ್ಯಾಸ ಮಾಡಿ, ತಾನೇ ನುಡಿದ 'ಬಳೆ'ಯ ದನಿ ಕಳಿಸಿದಳು. ದೊಡ್ಡಮ್ಮ ತಲೆ ಓರೆ ಮಾಡಿ ಕೇಳಿ, "ಪಾಸು. ಆದ್ರೆ ಬಾಯಿ ಇನ್ನೊಂದಿಷ್ಟು ತೆರೀಲಿ" ಎಂದರು. ಅದನ್ನೂ ಬರೆದೆ.

ಕೆಲವು ವಾರಗಳ ಮೇಲೆ ತಿದ್ದಿದ ದನಿ ಪರೀಕ್ಷೆಗೆ ಬಂತು. ಹಾಕಿ ನೋಡಿದರೆ ಗ್ರಹಚಾರ. ಈಗ ಲ ಕೂಡ ಳ ಆಗಿಹೋಗಿತ್ತು. ಶಾಲೆ ಶಾಳೆಯಾಗಿತ್ತು. ಆರೋಗ್ಯದ ಅಂಕಣವೊಂದನ್ನು ಓದುತ್ತ ಯಂತ್ರವು ಮಕ್ಕಳಿಗೆ ದಿನವೂ ಹಾಳು ಕುಡಿಸಿರಿ ಎಂದು ಬುದ್ಧಿ ಹೇಳಿತು. ನನಗೆ ಅಳು ಬರುವಂತಾಯಿತು. ದೊಡ್ಡಮ್ಮ ಈ ಸಲ ನಕ್ಕರು. ಕಣ್ಣಲ್ಲಿ ನೀರು ಬರುವಂತೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹೊಸದಾಗಿ ಳ ಕಲ್ತ ಮಕ್ಕಳೆಲ್ಲ ಹಿಂಗೇ ಮಾಡ್ತಾವೆ. ಎಲ್ಲಾದಕ್ಕೂ ಳ ಹಚ್ತಾವೆ. ನೀನೂ ಮಾಡಿದ್ದೆ. ಹೆದರಬ್ಯಾಡ ಅಂತ ಬರಿ ಆಕಿಗೆ. ಇದು ಕಲಿಯೋ ಮಗೀನ ಲಕ್ಷಣ."

ಅದೂ ಸರಿಹೋಯಿತು. ಹೊಸ ಆವೃತ್ತಿ ಬಿಡುಗಡೆಯಾದ ದಿನ ನಾನು ಜಗಳೂರಿನಲ್ಲೇ ಇದ್ದೆ. ಲ್ಯಾಪ್‌ಟಾಪಿನಲ್ಲಿ ಮೊದಲು ಟೈಪ್ ಮಾಡಿದ್ದು ಊರಿನ ಹೆಸರನ್ನು. ತಗಡಿನ ದನಿ ತಗಡಿನದೇ ಆಗಿತ್ತು, ಆದರೆ "ಜಗಳೂರು" ಎಂದಿತು. ದೊಡ್ಡಮ್ಮ ಇನ್ನೊಮ್ಮೆ ಅನ್ನಿಸಿದರು. ಮತ್ತೊಮ್ಮೆ. ಆಮೇಲೆ ಒಂದು ಕಾದಂಬರಿ ಹುಡುಕಿ ಹಾಕಲು ಹೇಳಿ, ಗೋಡೆಗೆ ಒರಗಿ ಕೂತು ಕೇಳತೊಡಗಿದರು. ಮಗಳು ಊಟಕ್ಕೆ ಕರೆದರೆ, "ಇದೊಂದು ಅಧ್ಯಾಯ ಮುಗೀಲಿ ತಡಿ" ಎಂದರು. ಆ ಮಾತು ಆ ಮನೆಯಲ್ಲಿ ಎಷ್ಟೋ ಕಾಲದಿಂದ ಕೇಳಿಬಂದಿರಲಿಲ್ಲ. ಮಗಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು.

ನಾನೂ ಅಂಗಡಿಗೆ ಮರಳಿ ನನ್ನ ಹಳೇ ಪುಟಗಳಲ್ಲಿದ್ದ ಚಿತ್ರಗಳನ್ನೆಲ್ಲ ಕಿತ್ತು ಅಕ್ಷರ ಮಾಡಲು ಕೂತೆ. ಕಲ್ಯಾಣ ಮಂಟಪದವರು ಗುಲಾಬಿ ಮಾತ್ರ ತೆಗೆಯಬಾರದೆಂದು ಹಟ ಹಿಡಿದರು. ಅದೊಂದು ಉದುರುತ್ತಿದೆ ಇನ್ನೂ. ಮೇಷ್ಟರು ಕೊಟ್ಟ ಸಿ.ಡಿ.ಯನ್ನು ಹುಡುಕಿ ಗೋಡೆಗೆ ಕಟ್ಟಿದ್ದೂ ಆ ದಿನಗಳಲ್ಲೇ.

ಹೊಸ ದನಿಯ ಜೊತೆಗಿನ ಪುಟದಲ್ಲಿ ಇಲೋನಾ ದೊಡ್ಡಮ್ಮನ ಹೆಸರನ್ನೂ ನನ್ನ ಹೆಸರನ್ನೂ ನಮ್ಮ ಅಂಗಡಿಯ ವಿಳಾಸವನ್ನೂ ಹಾಕಿದ್ದಳು. ಎರಡು ಮೂರು ತಿಂಗಳ ಮೇಲೆ ಅಂಗಡಿಗೊಂದು ಫೋನ್ ಬಂತು. ಹುಡುಗಿಯ ದನಿ. ಹೆಸರು ಸವಿತಾಬಾಯಿ. ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದವಳು, ಹುಟ್ಟಿನಿಂದ ಕಣ್ಣು ಕಾಣದು, ಡಿಗ್ರಿ ಓದುತ್ತಿದ್ದಾಳೆ.

"ಮನ್ಯಾಗೆ ನಾವು ಮಾತಾಡೋದು ಲಂಬಾಣಿ ರೀ ಮೇಡಂ. ಪುಸ್ತಕದ ಕನ್ನಡ ನಂಗೆ ಕಲಿಸಿದ್ದು ಈ ಫೋನೇ, ಇದ್ರಾಗೂ ಅದೇ ದನಿ ಐತೆ. ಅದು ಸರಲ ಅಂದ್ರೆ ಸರಲ, ವಿರಲ ಅಂದ್ರೆ ವಿರಲ. ಕ್ಲಾಸಿನಾಗೆ ಎದ್ದು ಉತ್ತರ ಹೇಳಿದ್ರೆ ಎಲ್ಲಾರೂ ನಗೋರು. ಯಾಕೆ ನಗ್ತಾರೆ ಅಂತಾನೇ ಗೊತ್ತಾಗ್ತಿರಲಿಲ್ಲ. ಎದ್ದು ನಿಲ್ಲೋದೇ ಬಿಟ್ಟೆ."

"ಆಮೇಲೆ?"

"ಒಂದಿನ ಫೋನು ಸರಳ ಅನ್ನಾಕೆ ಶುರು ಮಾಡ್ತು. ಫೋನೇ ಕೆಟ್ಟೈತೆ ಅನ್ಕಂಡೆ ರೀ! ರಿಪೇರಿಗೆ ಕೊಡಾಕೆ ಹೊಂಟಿದ್ದೆ. ಗೆಳತಿ ಹೇಳಿದ್ಲು, ಇಲ್ಲ ಕಣೇ, ಈಗ ಸರಿಯಾಗೈತೆ ಅಂತ. ಯಾರು ಸರಿ ಮಾಡಿದ್ರು ಅಂತ ಹುಡುಕಿದೆ. ನಿಮ್ ಹೆಸರು ಸಿಕ್ತು. ಹೊನ್ನಾಳಿ ಅಂತ ಇತ್ತು. ಅಯ್ಯೋ, ನಮ್ ಪಕ್ಕದಾಗೇ ಅವ್ರಲ್ಲ ಅನ್ನಿಸ್ತು."

ನಾನಲ್ಲ, ನಮ್ಮ ದೊಡ್ಡಮ್ಮ ಎಂದು ಹೇಳಿ ಅವರ ನಂಬರು ಕೊಟ್ಟೆ.

ಮುಂದಿನ ಸಲ ಜಗಳೂರಿಗೆ ಹೋದಾಗ ದೊಡ್ಡಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಶಾಲೆಗೆ ಹೊರಟವರ ಹಾಗೆ. ಮೇಜಿನ ಮೇಲೆ ಫೋನ್ ಇತ್ತು, ಸ್ಪೀಕರ್ ಹಾಕಿದ್ದರು. ಅದರೊಳಗಿಂದ ಸವಿತಾ ಕೇಳುತ್ತಿದ್ದಳು:

"ಟೀಚರ್, ಫೋನು ಓದಿದ್ದನ್ನ ಬಾಯಿಪಾಠ ಮಾಡೀನಿ, ನಾಳೆ ಕ್ಲಾಸಿನಾಗೆ ನಾನೇ ಎದ್ದು ಪಾಠ ಓದ್ತೀನಿ ಅಂದೀನಿ. ಇದೊಂದು ಪದ ಫೋನು ಒಂಥರಾ ಅಂತೈತೆ, ಪುಸ್ತಕದಾಗೆ ಬ್ಯಾರೆ ಥರ ಐತೆ ಅಂತಾಳೆ ಗೆಳತಿ. ದಕಾರಕ್ಕೆ ಕೊಂಬು, ಮುಂದೆ ಎರಡು ಸೊನ್ನೆ, ಆಮೇಲೆ ಖ."

"ದುಃಖ," ಎಂದರು ದೊಡ್ಡಮ್ಮ. "ಆ ಎರಡು ಸೊನ್ನೆ ವಿಸರ್ಗ. ಅದನ್ನ ಬಿಡಿಸಿ ಹೇಳಬಾರದು. ಎದಿಯಿಂದ ಒಂದಿಷ್ಟು ಉಸಿರು ಬಿಟ್ಟು ಮುಂದಿನ ಅಕ್ಷರಕ್ಕೆ ಒತ್ತಬೇಕು. ಎಲ್ಲಿ, ಅನ್ನು."

"ದುಃಖ."

"ಇನ್ನೂ ಗಟ್ಟಿಯಾಗಿ. ಹಿಂದಿನ ಬೆಂಚಿಗೆ ಕೇಳ್ಬೇಕು."

"ದುಃಖ!" ಎಂದಳು ಹುಡುಗಿ, ನಗುತ್ತ.

"ಹಾಂ. ಈಗ ಪಾಠ ಮೊದಲಿಂದ ಓದು."

ನಾನು ಕಾಫಿಯ ಲೋಟ ಹಿಡಿದು ಒಳಗೆ ಕಾಲಿಟ್ಟೆ. ದೊಡ್ಡಮ್ಮ ನನ್ನ ಹೆಜ್ಜೆಯ ಸದ್ದಿನ ಕಡೆ ಕೈಯೆತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ಹುಡುಗಿ ಓದುತ್ತ ಹೋದಳು. ನಾನು ತಡವಾಗಿ ಬಂದ ವಿದ್ಯಾರ್ಥಿಯಂತೆ ಬಾಗಿಲಲ್ಲೇ ನಿಂತು ಕೇಳಿದೆ.